ಮೂರು ಬಣ್ಣಗಳ ಪಾಠ: ಎಳೆಯ ಮಕ್ಕಳಿಗೆ ವರ್ಣಪರಿಚಯ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಮೈಸೂರು ನಗರದಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನಡೆದ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ತೆರಿಗೆ ವಸೂಲಿ, ಉದ್ಯೋಗ ಖಾತರಿ ಕಾಮಗಾರಿಗಳ ಕುರಿತ ಉಪನ್ಯಾಸಗಳ ನಡುವೆ ನನ್ನ ಪಾಲಿಗೆ ಬಂದಿರುವ ವಿಷಯ, ಎಳೆಯ ಮಕ್ಕಳಿಗೆ ಬಣ್ಣಗಳ ಪರಿಚಯ ಮತ್ತು ಬಣ್ಣ ಬೆರೆಸುವ ಕಲಿಕೆ. ವಿಷಯವನ್ನು ಪ್ರಕಟಿಸಿದಾಗ ಹಿಂದಿನ ಸಾಲುಗಳಲ್ಲಿ ಕೆಲವರು ಮುಗುಳ್ನಕ್ಕದ್ದನ್ನು ಗಮನಿಸಿದೆನು. ಅದು ಸಹಜವೇ. ಇದು ಡ್ರಾಯಿಂಗ್ ಮೇಷ್ಟರ ಕೆಲಸ, ಪಂಚಾಯತಿಗೆ ಇದರಲ್ಲಿ ಏನಿದೆ ಎಂದು ತಮಗೆ ಅನ್ನಿಸಿರಬಹುದು.

ಆದುದರಿಂದ ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಬಣ್ಣದಿಂದಲೇ ಆರಂಭಿಸುತ್ತೇನೆ. ಮತ ಹಾಕಿದ ಪ್ರತಿಯೊಬ್ಬರ ಬೆರಳಿಗೂ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಾವು ಕುಳಿತಿರುವ ಇದೇ ಮೈಸೂರು ನಗರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗಿನ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. 1962ರ ಮಹಾಚುನಾವಣೆಯಿಂದ ಇಲ್ಲಿಯವರೆಗೆ ದೇಶದ ಮತದಾರರ ಬೆರಳಿಗೆ ಇಲ್ಲಿಯ ಶಾಯಿಯೇ ಹೋಗುತ್ತಿದೆ. ಹಚ್ಚುವಾಗ ನೇರಳೆಯಾಗಿರುವ ಆ ಗುರುತು ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಅಂಟಿ, ಬೆಳಕು ತಾಗಿದಾಗ ಕಪ್ಪು ಬಣ್ಣಕ್ಕೆ ತಿರುಗುವುದೇ ಇದಕ್ಕೆ ಕಾರಣ. ತಾವೆಲ್ಲರೂ ಜನಪ್ರತಿನಿಧಿಗಳಾಗಿ ಆಯ್ಕೆಯಾಗಿ ಬಂದದ್ದಕ್ಕೆ ಒಂದು ಬಣ್ಣ ಸಾಕ್ಷಿಯಾಗಿ ನಿಂತಿದೆ. ನಮ್ಮ ಶಾಲೆಗಳ ಮಕ್ಕಳಲ್ಲಿ ಎಷ್ಟು ಮಂದಿ ಆ ಗುರುತನ್ನು ನೋಡಿ, "ಇದು ಏಕೆ ಕಪ್ಪಾಯಿತು?" ಎಂದು ಕೇಳಿದ್ದಾರೆ? ಕೇಳಿದ ಮಗುವಿಗೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಟ್ಟಿದ್ದೇವೆ?

ಬಣ್ಣದ ಹೆಸರುಗಳನ್ನು ನಾವು ಮಕ್ಕಳಿಗೆ ಕಲಿಸುತ್ತಿದ್ದೇವೆ, ಬಣ್ಣವನ್ನು ಕಲಿಸುತ್ತಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದೇ ಮಾತು.

ಗೋಡೆಯ ಬಣ್ಣ, ಕೈಯ ಬಣ್ಣ

ಈ ಮಾತನ್ನು ನಾನು ಕಲಿತದ್ದು ನನ್ನ ಎರಡು ತಪ್ಪುಗಳಿಂದ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಪಂಚಾಯತಿಯಲ್ಲಿ ಶಾಲೆಯ ಹೊರಗೋಡೆಗಳಿಗೆಲ್ಲ ಚಿತ್ರ ಬರೆಸಲಾಯಿತು. ರೈಲು, ಕಾಮನಬಿಲ್ಲು, ಹುಲಿ, ನವಿಲು, ಬಣ್ಣಗಳ ಹೆಸರಿನ ಒಂದು ದೊಡ್ಡ ಪಟ್ಟಿ, ಎಲ್ಲವೂ ಇದ್ದವು. ಅಂದಾಜುಪಟ್ಟಿ ತಯಾರಿಸಿದವನೂ ಬಿಲ್ಲು ಪಾಸು ಮಾಡಿದವನೂ ನಾನೇ. ಕೆಲಸ ಮುಗಿದ ಮೇಲೆ ಮಕ್ಕಳಿಗೆ ಕೊಟ್ಟ ಮೊದಲ ಸೂಚನೆ, "ಯಾರೂ ಗೋಡೆ ಮುಟ್ಟಬಾರದು" ಎಂಬುದು. ಬಣ್ಣ ಕಲಿಸಲೆಂದು ಮಾಡಿದ ಕಾಮಗಾರಿಯಲ್ಲಿ ಬಣ್ಣವನ್ನು ಮುಟ್ಟಲು ಅವಕಾಶವಿಲ್ಲದವರು ಮಕ್ಕಳೇ ಆದರು.

ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಚಿತ್ರಗಾರರ ಬಳಿ ಮೂರು ದಿನವೂ ನಿಂತು ನೋಡಿದ್ದಳು. ಅವರ ಬಳಿ ಹಸಿರು ಬಣ್ಣದ ಡಬ್ಬ ಇರಲೇ ಇಲ್ಲ, ಆದರೂ ಗೋಡೆಯ ಮೇಲೆ ಹಸಿರು ಗಿಳಿ ಎಲ್ಲಿಂದ ಬಂತು ಎಂಬುದು ಅವಳ ಪ್ರಶ್ನೆ. ನಾನು ಹೇಳಿದೆ, "ನೀಲಿಗೆ ಹಳದಿ ಸೇರಿಸಿದರೆ ಹಸಿರು ಬರುತ್ತದಮ್ಮಾ." ಅವಳು, "ನಾವೂ ಮಾಡಬಹುದಾ ಸಾರ್?" ಎಂದಳು.

ಆಗ ನಾನು ಎರಡನೆಯ ತಪ್ಪು ಮಾಡಿದೆ. ಉಳಿದಿದ್ದ ಎನಾಮಲ್ ಬಣ್ಣದ ಡಬ್ಬಗಳನ್ನೇ ಮಕ್ಕಳ ಮುಂದಿಟ್ಟೆ. ಅರ್ಧ ಗಂಟೆಯಲ್ಲಿ ಕೊಠಡಿಯೆಲ್ಲ ತಲೆಸುತ್ತುವ ವಾಸನೆಯಿಂದ ತುಂಬಿತು. ಕೈಗೆ ಹತ್ತಿದ ಬಣ್ಣ ನೀರಿಗೆ ಹೋಗಲಿಲ್ಲ. ಟರ್ಪೆಂಟೈನ್ ಹಚ್ಚಿ ಒರೆಸಬೇಕಾಯಿತು. ಮುಖ್ಯ ಶಿಕ್ಷಕರು ಸೌಜನ್ಯದಿಂದ ಏನೂ ಹೇಳಲಿಲ್ಲ. ಎಂಜಿನಿಯರಿಂಗ್ ಓದಿದ ನಾನು ಬಣ್ಣದ ಡಬ್ಬದ ಮೇಲಿನ ಎಚ್ಚರಿಕೆಯನ್ನೂ ಓದಿರಲಿಲ್ಲ. ಆ ದಿನದಿಂದ ಈ ವಿಷಯವನ್ನು ನಾನು ಸರಿಯಾಗಿ ತಿಳಿದುಕೊಳ್ಳತೊಡಗಿದೆನು.

ಬಣ್ಣ ಬೆರೆತಾಗ ಏನಾಗುತ್ತದೆ?

ಬಿಸಿಲು ಬೆಳ್ಳಗೆ ಕಂಡರೂ ಅದರಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಇವೆ. ಒಂದು ವಸ್ತು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ನುಂಗಿ, ಉಳಿದವನ್ನು ಹಿಂದಕ್ಕೆ ಕಳುಹಿಸುತ್ತದೆ. ಹಿಂದಕ್ಕೆ ಬಂದದ್ದೇ ನಮ್ಮ ಕಣ್ಣಿಗೆ ಕಾಣುವ ಬಣ್ಣ. ಹಳದಿ ಬಣ್ಣವು ನೀಲಿ ಮತ್ತು ನೇರಳೆ ಬೆಳಕನ್ನು ನುಂಗುತ್ತದೆ. ನೀಲಿ ಬಣ್ಣವು ಕೆಂಪು ಮತ್ತು ಕಿತ್ತಳೆ ಬೆಳಕನ್ನು ನುಂಗುತ್ತದೆ. ಎರಡನ್ನೂ ಬೆರೆಸಿದಾಗ, ಇಬ್ಬರೂ ನುಂಗದೆ ಬಿಟ್ಟಿರುವ ಹಸಿರು ಮಾತ್ರ ಉಳಿಯುತ್ತದೆ. ಅಂದರೆ ಬಣ್ಣ ಬೆರೆಸುವುದು ನೋಡಲು ಕೂಡಿಸುವ ಲೆಕ್ಕದಂತೆ ಕಂಡರೂ ವಾಸ್ತವದಲ್ಲಿ ಕಳೆಯುವ ಲೆಕ್ಕ. ಬೆರೆಸಿದಷ್ಟೂ ಬಣ್ಣ ಮಂಕಾಗುವುದೂ, ಎಲ್ಲವನ್ನೂ ಬೆರೆಸಿದರೆ ಕಂದುಬಣ್ಣವಾಗುವುದೂ ಇದೇ ಕಾರಣಕ್ಕೆ.

ಶಾಲೆಯಲ್ಲಿ ಕೆಂಪು, ಹಳದಿ, ನೀಲಿಗಳನ್ನು ಮೂಲಬಣ್ಣಗಳೆಂದು ಕಲಿಸುತ್ತೇವೆ. ಎಳೆಯ ಮಕ್ಕಳಿಗೆ ಈ ಆರಂಭ ಸರಿಯಾಗಿಯೇ ಇದೆ. ಕೆಂಪು–ಹಳದಿ ಸೇರಿ ಕಿತ್ತಳೆ, ಹಳದಿ–ನೀಲಿ ಸೇರಿ ಹಸಿರು, ನೀಲಿ–ಕೆಂಪು ಸೇರಿ ನೇರಳೆ. ನಮ್ಮ ಭಾಷೆ ಈ ಮೂರರಲ್ಲಿ ಎರಡಕ್ಕೆ ಹಣ್ಣಿನ ಹೆಸರನ್ನೇ ಇಟ್ಟಿದೆ. ಕಿತ್ತಳೆಯನ್ನೂ ನೇರಳೆಯನ್ನೂ ತಿಂದ ಮಗುವಿಗೆ ಆ ಬಣ್ಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಬೂದಿಯಿಂದ ಬೂದು ಬಂತು. ಕಾವಿ, ಇಟ್ಟಿಗೆ ಬಣ್ಣ, ಗಿಳಿಹಸಿರು, ಆಕಾಶನೀಲಿ ಎಂಬ ಮಾತುಗಳೂ ಮಗು ಕಂಡ ವಸ್ತುಗಳಿಂದಲೇ ಬಂದಿವೆ.

ಆದರೆ ದೊಡ್ಡ ತರಗತಿಯ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ. "ಅಂಗಡಿಯ ಕೆಂಪು ಮತ್ತು ನೀಲಿ ಬೆರೆಸಿದರೆ ಒಳ್ಳೆಯ ನೇರಳೆ ಬರುವುದಿಲ್ಲ, ಮಂಕಾಗುತ್ತದೆ, ಏಕೆ?" ಮಗು ಹೇಳಿದ್ದು ನಿಜ. ಅಚ್ಚುಕೂಟದವರು ಕೆಂಪು–ನೀಲಿಗಳ ಬದಲು ಮಜೆಂಟಾ ಮತ್ತು ಸಯಾನ್ ಎಂಬ ಗುಲಾಬಿಗೆಂಪು ಹಾಗೂ ತಿಳಿನೀಲಿ ಶಾಯಿಗಳನ್ನು, ಅವುಗಳ ಜೊತೆಗೆ ಹಳದಿ ಮತ್ತು ಕಪ್ಪನ್ನು ಬಳಸುವುದು ಇದಕ್ಕಾಗಿಯೇ. ಬಣ್ಣದಲ್ಲಿ ಅಚ್ಚಾದ ಯಾವುದೇ ಕರಪತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಈ ನಾಲ್ಕು ಶಾಯಿಗಳ ಚುಕ್ಕೆಗಳು ಕಾಣುತ್ತವೆ. ಈ ಉಪನ್ಯಾಸವನ್ನು ಮೊಬೈಲಿನಲ್ಲಿ ಓದುವವರು ಬಿಳಿ ಪರದೆಯ ಮೇಲೆ ಸಾಸಿವೆಯಷ್ಟು ನೀರಿನ ಹನಿ ಇಟ್ಟು ನೋಡಿರಿ. ಕೆಂಪು, ಹಸಿರು, ನೀಲಿ ಬೆಳಕಿನ ಕಣಗಳು ಕಾಣುತ್ತವೆ. ಬೆಳಕು ಬೆರೆತರೆ ನಿಜವಾಗಿಯೂ ಕೂಡುವ ಲೆಕ್ಕ. ಮೂರೂ ಕೂಡಿ ಬಿಳಿಯಾಗುತ್ತದೆ. ಬಣ್ಣಕ್ಕೂ ಬೆಳಕಿಗೂ ಇರುವ ಈ ವ್ಯತ್ಯಾಸವನ್ನು ಒಂದು ಹನಿ ನೀರು ತೋರಿಸಿಕೊಡುತ್ತದೆ.

ಬೆರೆಸುವ ಕ್ರಮ

ತಪ್ಪು ತಿದ್ದಿಕೊಂಡ ಮೇಲೆ ಅದೇ ಶಾಲೆಯಲ್ಲಿ ನೀರಿನಲ್ಲಿ ಕರಗುವ ಪೋಸ್ಟರ್ ಬಣ್ಣಗಳನ್ನು ತರಿಸಿದೆವು. ಕೆಂಪು, ಹಳದಿ, ನೀಲಿ, ಬಿಳಿ, ಈ ನಾಲ್ಕೇ ಶೀಸೆ. ಹನ್ನೆರಡು ಬಣ್ಣಗಳ ಪೆಟ್ಟಿಗೆ ತರಲಿಲ್ಲ. ಹಸಿರು ಶೀಸೆ ಸಿದ್ಧವಾಗಿದ್ದರೆ ಯಾವ ಮಗುವೂ ಹಸಿರನ್ನು ಹುಡುಕುವುದಿಲ್ಲ.

ಮೊದಲ ದಿನ ಆ ಹುಡುಗಿ ನೀಲಿ ಬಣ್ಣದ ಬಟ್ಟಲಿಗೆ ಹಳದಿ ಹಾಕುತ್ತ ಹೋದಳು. ಹಳದಿ ಅರ್ಧ ಶೀಸೆ ಮುಗಿದರೂ ಗಿಳಿಹಸಿರು ಬರಲಿಲ್ಲ. ಮರುದಿನ ಹಳದಿಯ ಬಟ್ಟಲಿಗೆ ನೀಲಿಯನ್ನು ಹನಿಯಾಗಿ ಬಿಟ್ಟಳು. ಎರಡು ಹನಿಗೇ ಗಿಳಿ ಸಿಕ್ಕಿತು. "ನೀಲಿಗೆ ಹಳದಿ ಹಾಕಿದರೆ ಶೀಸೆ ಖಾಲಿ, ಹಳದಿಗೆ ನೀಲಿ ಹಾಕಿದರೆ ಹನಿ ಸಾಕು" ಎಂದು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ತಿಳಿಬಣ್ಣಕ್ಕೆ ಗಾಢಬಣ್ಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು ಎಂಬ ನಿಯಮವನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಈ ಕಲಿಕೆಯನ್ನು ವಯಸ್ಸಿಗೆ ತಕ್ಕಂತೆ ಹೀಗೆ ಹಂಚಿಕೊಳ್ಳಬಹುದು.

ಅಂಗನವಾಡಿಯ ಮಕ್ಕಳು ಎಲೆ, ಹೂವು, ಕಾಳು, ಕಲ್ಲುಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಲಿ. ಹಸಿರು ಎಲೆಗಳ ಗುಡ್ಡೆಯಲ್ಲೇ ಮಾವಿನ ಚಿಗುರು, ಬೇವಿನ ಎಲೆ, ಬಾಳೆ ಎಲೆ ಬೇರೆ ಬೇರೆ ಹಸಿರೆಂದು ಅವರ ಕಣ್ಣು ಗುರುತಿಸಲಿ.

ಒಂದರಿಂದ ಮೂರನೆಯ ತರಗತಿಯವರು ಎರಡೆರಡು ಬಣ್ಣ ಬೆರೆಸಿ ನೋಡಲಿ. ಆಡುತ್ತ ಕಲಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ರಾಜ್ಯಕ್ಕೆಲ್ಲ ಹರಡಿದ ನಲಿ–ಕಲಿ ಪದ್ಧತಿ 1995ರಲ್ಲಿ ಆರಂಭವಾದದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿಯೇ.

ನಾಲ್ಕು ಮತ್ತು ಐದನೆಯ ತರಗತಿಯವರು ಚಮಚದಿಂದ ಅಳೆದು ಬೆರೆಸಲಿ. ಹಳದಿ ಒಂದು ಭಾಗ, ನೀಲಿ ಒಂದು ಭಾಗ. ಹಳದಿ ಮೂರು, ನೀಲಿ ಒಂದು. ಹಳದಿ ಒಂದು, ನೀಲಿ ಮೂರು. ಬಂದ ಬಣ್ಣವನ್ನು ಕಾಗದದ ಮೇಲೆ ಹಚ್ಚಿ, ಪಕ್ಕದಲ್ಲಿ ಅಳತೆ ಬರೆಯಲಿ. ಕಾಂಕ್ರೀಟಿಗೆ 1:2:4 ಎಂಬ ಅಳತೆಯನ್ನು ಕಾಮಗಾರಿ ಬಿಲ್ಲುಗಳಲ್ಲಿ ತಾವೆಲ್ಲ ನೋಡಿದ್ದೀರಿ. ಅನುಪಾತದ ಗಣಿತ ಮಗುವಿಗೆ ಕಣ್ಣಿನಿಂದಲೇ ಅರ್ಥವಾಗುವ ದಾರಿ ಇದು.

ಅದಕ್ಕಿಂತ ದೊಡ್ಡವರಿಗೆ ಒಂದು ಎಲೆಯನ್ನೋ ಊರಿನ ಮಣ್ಣಿನ ಒಂದು ಹೆಂಟೆಯನ್ನೋ ಕೊಟ್ಟು, ಅದೇ ಬಣ್ಣ ತಯಾರಿಸಲು ಹೇಳಿರಿ. ಎಲ್ಲ ಬಣ್ಣ ಬೆರೆತು ಕೆಸರಾಯಿತೆಂದು ಅಳುವ ಮಗು, ಕೆಮ್ಮಣ್ಣಿನ ಬಣ್ಣ ಬೇಕಾದಾಗ ಅದೇ ಕೆಸರಿಗೆ ಸ್ವಲ್ಪ ಕೆಂಪು ಸೇರಿಸಿ ನಗುತ್ತದೆ.

ಕುಂಚ ತೊಳೆಯಲು ಒಂದು ಬಟ್ಟಲು, ಬಣ್ಣ ತಿಳಿಗೊಳಿಸಲು ಇನ್ನೊಂದು ಬಟ್ಟಲು ನೀರು ಇರಲಿ. ಒಂದೇ ಬಟ್ಟಲಾದರೆ ಹತ್ತು ನಿಮಿಷದಲ್ಲಿ ಎಲ್ಲರ ಬಣ್ಣವೂ ಬೂದಾಗುತ್ತದೆ.

ಮನೆಯಲ್ಲೇ ಇರುವ ಪಾಠ

ಬಣ್ಣ ಕೊಳ್ಳುವ ಮೊದಲೇ ಕಲಿಸಬಹುದಾದದ್ದು ನಮ್ಮ ಮನೆಗಳಲ್ಲಿ ಬೇಕಾದಷ್ಟಿದೆ. ಮದುಮಕ್ಕಳಿಗೆ ಎತ್ತುವ ಆರತಿ ತಟ್ಟೆಯ ಕೆಂಪು ನೀರನ್ನು ನೆನೆಯಿರಿ. ಅರಿಶಿನ ಹಳದಿ, ಸುಣ್ಣ ಬಿಳಿ. ಬೆರೆಸಿದರೆ ತಿಳಿಹಳದಿ ಆಗಬೇಕಿತ್ತು. ಆಗುವುದು ಓಕುಳಿ ಕೆಂಪು. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಅಗಿದ ಬಾಯಿ ಕೆಂಪು. ಮೈಸೂರು ವೀಳ್ಯದೆಲೆಯ ಸೀಮೆಯಲ್ಲಿ ಇದನ್ನು ನೋಡದ ಮಗುವಿಲ್ಲ.

ಇಲ್ಲಿ ಬಣ್ಣ ಬೆರೆತಿಲ್ಲ, ಬದಲಾಗಿದೆ. ಅರಿಶಿನದಲ್ಲಿರುವ ಬಣ್ಣದ ಪದಾರ್ಥ ಸುಣ್ಣದಂತಹ ಕ್ಷಾರದ ಸಂಪರ್ಕದಲ್ಲಿ ಕೆಂಪಾಗುತ್ತದೆ. ಅದೇ ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ಮರಳುತ್ತದೆ. ನೀಲಿ–ಹಳದಿ ಬೆರೆಸಿ ಬಂದ ಹಸಿರಾದರೋ ನಿಂಬೆರಸಕ್ಕೆ ಹೀಗೆ ಹಿಂದಿರುಗುವುದಿಲ್ಲ. ಬೆರಕೆ ಯಾವುದು, ಬದಲಾವಣೆ ಯಾವುದು ಎಂಬುದನ್ನು ಮಗು ತನ್ನ ಕಣ್ಣಿನಿಂದಲೇ ಕಂಡುಕೊಂಡರೆ ಅದು ರಸಾಯನಶಾಸ್ತ್ರದ ಮೊದಲ ಮೆಟ್ಟಿಲು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಆದುದರಿಂದ ಅದನ್ನು ಹಾಕುವ ಕೆಲಸ ಶಿಕ್ಷಕರದೇ ಆಗಿರಲಿ.

ಗೋಡೆಗೆ ಸುಣ್ಣ ಬಳಿಯುವಾಗ ನಮ್ಮ ಹಿರಿಯರು ಅದಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಬಿಳಿ ಪಂಚೆಯನ್ನು ನೀಲಿ ನೀರಿನಲ್ಲಿ ಅದ್ದುವುದೂ ಇದೇ ಕಾರಣಕ್ಕೆ. ಬಿಳಿಯ ಮೇಲೆ ಕೂತ ಹಳದಿ ಛಾಯೆಯನ್ನು ನೀಲಿ ಸರಿದೂಗಿಸುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನಿಂದ ಕೆಂಪನ್ನೂ ಅಕ್ಕಿಯಿಂದ ಬಿಳಿಯನ್ನೂ ಸುಟ್ಟ ಅಕ್ಕಿಯಿಂದ ಕಪ್ಪನ್ನೂ ಗುರಿಗೆ ಬೀಜದಿಂದ ಹಳದಿಯನ್ನೂ ಪಡೆಯುತ್ತಾರೆ. ವರ್ಣಜ್ಞಾನ ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ. ಶಾಲೆಯ ಒಳಗೆ ಅದಕ್ಕೆ ಜಾಗ ಸಿಗಬೇಕಾಗಿದೆ.

ಮೈಸೂರಿಗೆ ಪ್ರವಾಸ ಬರುವ ಶಾಲಾಮಕ್ಕಳನ್ನು ಅರಮನೆ, ಮೃಗಾಲಯಗಳ ಜೊತೆಗೆ ಜಗನ್ಮೋಹನ ಅರಮನೆಯ ಕಲಾಶಾಲೆಗೂ ಕರೆತನ್ನಿರಿ. ಅಲ್ಲಿ ಹಾಲ್ದಣಕರರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರವಿದೆ. ಬೆರಳುಗಳ ಸಂದಿನಿಂದ ಬೆಳಕು ತೂರಿ ಬರುವಂತೆ ಕಾಣುತ್ತದೆ. ಆದರೆ ಅಲ್ಲಿರುವುದು ಕಾಗದದ ಮೇಲಿನ ಬಣ್ಣ ಮಾತ್ರ. ಸುತ್ತಲಿನ ಕತ್ತಲು ಗಾಢವಾದಷ್ಟೂ ಹಳದಿ, ಕಿತ್ತಳೆಗಳು ಬೆಳಗುತ್ತವೆ. ಒಂದು ಬಣ್ಣ ತನ್ನ ಪಕ್ಕದ ಬಣ್ಣದಿಂದ ಬದಲಾಗಿ ಕಾಣುತ್ತದೆ ಎಂಬ ಪಾಠಕ್ಕೆ ಆ ಒಂದು ಚಿತ್ರ ಸಾಕು.

ಬಣ್ಣ ಕಾಣದ ಮಗು

ಈಗ ಹೇಳುವುದನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ವಿನಂತಿಸುತ್ತೇನೆ. ಎಲೆಯ ಬಣ್ಣ ತಯಾರಿಸುವ ದಿನ ಹುಡುಗನೊಬ್ಬ ಪ್ರತಿ ಬಾರಿಯೂ ಕಂದುಬಣ್ಣ ತಂದು ತೋರಿಸುತ್ತಿದ್ದನು. ಉಳಿದವರು ನಕ್ಕರು. ಅವನು ತುಂಟತನ ಮಾಡುತ್ತಿದ್ದಾನೆ ಎಂದೇ ಎಲ್ಲರ ಎಣಿಕೆ. ಎಲೆಯನ್ನೂ ತನ್ನ ಕಾಗದವನ್ನೂ ಅಕ್ಕಪಕ್ಕ ಹಿಡಿದು ಅವನು, "ಎರಡೂ ಒಂದೇ ಅಲ್ವಾ ಸಾರ್?" ಎಂದಾಗ ಶಿಕ್ಷಕಿಗೆ ಸಂಶಯ ಬಂತು. ವೈದ್ಯರು ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪಟಗಳನ್ನು ತೋರಿಸಿ ಪರೀಕ್ಷಿಸಿದರು. ಅವನಿಗೆ ಕೆಂಪು–ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣುತ್ತಿರಲಿಲ್ಲ. ಹೆಸರುಗಳನ್ನು ಪಟ್ಟಿಯಿಂದ ಬಾಯಿಪಾಠ ಮಾಡಿದ್ದರಿಂದ ನಾಲ್ಕು ವರ್ಷ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಇದು ಹುಟ್ಟಿನಿಂದ ಬರುವ ಸ್ಥಿತಿ, ಗಂಡುಮಕ್ಕಳಲ್ಲಿ ಹೆಚ್ಚು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ರೈಲು ಚಾಲಕನಂತಹ ಕೆಲವು ಉದ್ಯೋಗಗಳಿಗೆ ವರ್ಣದೃಷ್ಟಿ ಕಡ್ಡಾಯ. ಇಪ್ಪತ್ತನೆಯ ವಯಸ್ಸಿನಲ್ಲಿ, ಪರೀಕ್ಷೆ ಪಾಸಾದ ಮೇಲೆ, ವೈದ್ಯಕೀಯ ತಪಾಸಣೆಯಲ್ಲಿ ಮೊದಲ ಬಾರಿಗೆ ಈ ಸಂಗತಿ ತಿಳಿಯುವ ಯುವಕನ ದುಃಖವನ್ನು ಯೋಚಿಸಿರಿ. ಹತ್ತನೆಯ ವಯಸ್ಸಿಗೇ ತಿಳಿದರೆ ಅವನು ತನ್ನ ದಾರಿಯನ್ನು ಮೊದಲೇ ಆರಿಸಿಕೊಳ್ಳಬಹುದು. ಅಂತಹ ಮಗುವಿಗಾಗಿ ಶೀಸೆಗಳ ಮೇಲೆ ಬಣ್ಣದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ. ನಕ್ಕವರಿಗೆ ಇದನ್ನು ವಿವರಿಸಿ ಹೇಳಿರಿ.

ಬಣ್ಣ ಗುರುತಿಸುವ ಶಕ್ತಿ ಪಂಚಾಯತಿಯ ಕೆಲಸಕ್ಕೂ ಬೇಕಾದದ್ದೇ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸಲು ತರಬೇತಿ ನೀಡುವ ವ್ಯವಸ್ಥೆಯಿದೆ. ಫ್ಲೋರೈಡ್, ನೈಟ್ರೇಟ್‌ಗಳ ಪ್ರಮಾಣವನ್ನು ಅವರು ತಿಳಿಯುವುದು ನೀರಿನ ಬಣ್ಣವನ್ನು ಪಟ್ಟಿಯ ಬಣ್ಣದೊಡನೆ ಹೋಲಿಸಿ. ಭತ್ತದ ಗದ್ದೆಗೆ ಯೂರಿಯಾ ಎಷ್ಟು ಬೇಕೆಂದು ತಿಳಿಸುವ ಎಲೆಬಣ್ಣದ ಪಟ್ಟಿಯದೂ ಇದೇ ತತ್ತ್ವ. ಹಸಿರಿನಲ್ಲಿ ನಾಲ್ಕು ಬಗೆಗಳನ್ನು ಬೇರ್ಪಡಿಸಲು ಕಲಿತ ಕಣ್ಣು ನಾಳೆ ಊರಿನ ನೀರನ್ನೂ ಬೆಳೆಯನ್ನೂ ಕಾಯುತ್ತದೆ.

ಸುರಕ್ಷತೆ

ಬಣ್ಣಗಳಲ್ಲಿ ಸೀಸದ ಅಂಶ ಇರಬಹುದು. ಸೀಸವು ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಅದರಲ್ಲಿ ಇಷ್ಟಾದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಯಲ್ಲಿದ್ದು, ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರುವಂತಿಲ್ಲ. ಕೈಗಾರಿಕಾ ಬಣ್ಣಗಳು ಈ ಮಿತಿಯ ಹೊರಗಿವೆ. ಆದುದರಿಂದ ಅಂಗನವಾಡಿಯ ಬಾಗಿಲು, ಜಾರುಬಂಡೆ, ಉಯ್ಯಾಲೆಗಳಿಗೆ ಅಗ್ಗವೆಂದು ಕೈಗಾರಿಕಾ ಬಣ್ಣ ಬಳಿಸಬೇಡಿರಿ. ಹಳೆಯ ಬಣ್ಣ ಉಜ್ಜಿ ತೆಗೆಯುವಾಗ ಮಕ್ಕಳು ಹತ್ತಿರ ಇರಬಾರದು. ಆ ಧೂಳೇ ಹೆಚ್ಚು ಅಪಾಯಕಾರಿ. ಮಕ್ಕಳ ಕೈಗೆ ನೀರಿನಲ್ಲಿ ಕರಗುವ ಬಣ್ಣ ಮಾತ್ರ ಕೊಡಿರಿ. ಬಣ್ಣದ ಕೆಲಸ ಮುಗಿದ ಮೇಲೆ, ಬಿಸಿಯೂಟಕ್ಕೆ ಮುನ್ನ, ಸಾಬೂನಿನಿಂದ ಕೈ ತೊಳೆಯುವುದು ಪಾಠದ ಭಾಗವಾಗಲಿ.

ನಾವು ಮಾಡಬಹುದಾದದ್ದು

ಇದಕ್ಕೆ ಹೊಸ ಯೋಜನೆಯಾಗಲಿ ಹೊಸ ಆದೇಶವಾಗಲಿ ಬೇಕಾಗಿಲ್ಲ. ಶಿಕ್ಷಣದ ವಿಷಯ ನಮ್ಮ ಸ್ಥಾಯಿ ಸಮಿತಿಯ ವ್ಯಾಪ್ತಿಯಲ್ಲಿಯೇ ಇದೆ. ಸಮಿತಿಯ ಮುಂದಿನ ಸಭೆಯಲ್ಲಿ ಈ ಐದು ಅಂಶಗಳನ್ನು ಚರ್ಚಿಸಬೇಕೆಂದು ಕೋರುತ್ತೇನೆ.

1. ಶಾಲೆಯ ಗೋಡೆಗಳಿಗೆ ಚಿತ್ರ ಬರೆಸುವಾಗ ಮಕ್ಕಳ ಎತ್ತರದ ಒಂದು ಗೋಡೆಯನ್ನು ಬರಿ ಸುಣ್ಣ ಬಳಿದು ಬಿಡುವುದು. ಅದು ಅವರು ಬರೆಯುವ ಗೋಡೆ. ವರ್ಷಕ್ಕೊಮ್ಮೆ ಮತ್ತೆ ಸುಣ್ಣ ಬಳಿದರಾಯಿತು.

2. ಪ್ರತಿ ಶಾಲೆಗೆ ಮೂರು ಮೂಲಬಣ್ಣ, ಒಂದು ಬಿಳಿ, ಕೆಲವು ಕುಂಚ ಮತ್ತು ಬಟ್ಟಲುಗಳನ್ನು ಶಾಲಾಭಿವೃದ್ಧಿ ಸಮಿತಿಯ ಮೂಲಕ ಒದಗಿಸುವುದು. ನಮ್ಮ ಒಂದು ಸಾಮಾನ್ಯ ಸಭೆಯ ಚಹಾ–ಬಿಸ್ಕತ್ತಿನ ವೆಚ್ಚದಿಂದ ಆರಂಭಿಸಬಹುದು.

3. ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಶನಿವಾರ ಬಣ್ಣ ಬೆರೆಸುವ ತರಗತಿ ನಡೆಸುವುದು. ಊರಿನ ಪೇಂಟರ್, ಬಡಗಿ, ರಂಗೋಲಿ ಬಲ್ಲ ತಾಯಂದಿರನ್ನು ಕರೆಯುವುದು. ನಗರಕ್ಕೆ ಸಮೀಪದ ಪಂಚಾಯತಿಗಳು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳನ್ನೂ ಆಹ್ವಾನಿಸಬಹುದು.

4. ಮಕ್ಕಳ ಬಳಕೆಯ ಸ್ಥಳಗಳಿಗೆ ಬಣ್ಣ ಕೊಳ್ಳುವಾಗ ಸೀಸದ ಮಿತಿಯ ಷರತ್ತನ್ನು ದರಪಟ್ಟಿಯಲ್ಲಿಯೇ ಬರೆಯುವುದು.

5. ಶಾಲಾ ಆರೋಗ್ಯ ತಪಾಸಣೆಗೆ ಬರುವ ವೈದ್ಯರಲ್ಲಿ ವರ್ಣದೃಷ್ಟಿಯನ್ನೂ ಪರೀಕ್ಷಿಸುವಂತೆ ಕೋರುವುದು.

ಬಂಧುಗಳೇ, ಆ ಶಾಲೆಯ ಹೊರಗೋಡೆಯ ಹುಲಿ ಎರಡು ಮಳೆಗಾಲದಲ್ಲಿ ಮಾಸಿತು. ಕಳೆದ ಮಕ್ಕಳ ಗ್ರಾಮಸಭೆಯಲ್ಲಿ ಅದಕ್ಕೆ ಮತ್ತೆ ಬಣ್ಣ ಬಳಿಸುವ ಪ್ರಸ್ತಾಪ ಬಂದಾಗ ಅದೇ ಹುಡುಗಿ ಎದ್ದು ನಿಂತಳು. ಈಗ ಅವಳು ಆರನೆಯ ತರಗತಿ. "ಪೇಂಟರ್ ಬೇಡ ಸಾರ್. ಕೆಂಪು, ಹಳದಿ, ನೀಲಿ, ಬಿಳಿ ಕೊಡಿ. ಹುಲಿಗೆ ಬೇಕಾದ ಬಣ್ಣ ನಾವೇ ಮಾಡಿಕೊಳ್ತೀವಿ" ಎಂದಳು. ನಡಾವಳಿ ಪುಸ್ತಕದಲ್ಲಿ ಅದನ್ನು ಹಾಗೆಯೇ ದಾಖಲಿಸಿದ್ದೇನೆ. ಸಭೆ ಸರ್ವಾನುಮತದಿಂದ ಒಪ್ಪಿತು. ತಮ್ಮ ತಮ್ಮ ಪಂಚಾಯತಿಗಳ ನಡಾವಳಿ ಪುಸ್ತಕಗಳಲ್ಲಿಯೂ ಇಂತಹ ಒಂದು ನಿರ್ಣಯ ಬರಲಿ ಎಂದು ಕೋರುತ್ತೇನೆ.